ಹುಣಸೆಮರಕ್ಕೆ ನೇತುಹಾಕಿದ ಟೈರು

ಕಿಬ್ಬನಹಳ್ಳಿ ಕ್ರಾಸಿನ ಕಾರ್ ಸ್ಟ್ಯಾಂಡಿನಲ್ಲಿ ಒಂದು ಹುಣಸೆಮರವಿದೆ. ಎರಡು ಮಳೆಗಾಲ ಅದರ ಕೊಂಬೆಗೆ ಒಂದು ಸವೆದ ಟೈರು ನೇತಾಡುತ್ತಿತ್ತು. ಮಕ್ಕಳು ಉಯ್ಯಾಲೆಯಾಡಲಿ ಅಂತ ಯಾರೋ ಕಟ್ಟಿದ್ದಾರೆ ಎಂದು ಬಸ್ಸಿಗೆ ಕಾಯುವ ಹೊರಗಿನವರು ಅಂದುಕೊಳ್ಳುತ್ತಿದ್ದರು. ಎಂಥ ಉಯ್ಯಾಲೆ! ಅದನ್ನು ಕಟ್ಟಿದ್ದು ತಿಮ್ಮಕ್ಕನ ಮಾನ ಕಳೆಯುವುದಕ್ಕೆ, ಕಟ್ಟಿದವನು ಮಹಾಂತೇಶ. ನನ್ನ ಝೆರಾಕ್ಸ್ ಅಂಗಡಿ ಆ ಮರದ ಎದುರಿಗೇ ಇದೆ. ಬೆಳಿಗ್ಗೆ ಷಟರ್ ಎತ್ತಿದರೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಅದೇ. ನನಗೇ ಹೊಟ್ಟೆ ಉರಿಯುತ್ತಿತ್ತು, ಇನ್ನು ತಿಮ್ಮಕ್ಕನಿಗೆ ಹೇಗಾಗಿರಬೇಡ.

ತಿಮ್ಮಕ್ಕ ಬಿಳಿಗೆರೆಯವಳು. ಅವಳ ಗಂಡ ಬೋರಯ್ಯ ಒಂದು ಸಣ್ಣ ಬಿಳಿ ಕಾರಿಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ತೋಟದಲ್ಲಿ ಕಾಯಿ ಕೆಡವುವವನು ಬರಲಿಲ್ಲ ಅಂತ ಒಂದು ದಿನ ತಾನೇ ಮರ ಹತ್ತಿ, ಜಾರಿ ಬಿದ್ದ. ಜೀವ ಉಳಿಯಿತು, ಬಲಗಾಲಿನ ಪಾದ ಮಾತ್ರ ಮತ್ತೆ ಮಡಿಸಲು ಬರಲಿಲ್ಲ. ಬ್ರೇಕು ತುಳಿಯುವ ಕಾಲೇ ಹೋದ ಮೇಲೆ ಕಾರು ಓಡಿಸುವುದೆಲ್ಲಿ? ಕಾರು ಹಟ್ಟಿಯ ಮುಂದೆ ನಿಂತು ಧೂಳು ಕುಡಿಯತೊಡಗಿತು. ಆಗ ಅವರು ಡ್ರೈವರ್ ಅಂತ ಇಟ್ಟುಕೊಂಡಿದ್ದು ಈ ಮಹಾಂತೇಶನನ್ನು.

ಮಹಾಂತೇಶ ಕಿಬ್ಬನಹಳ್ಳಿಯವನೇ. ಮಾತು ಬಲ್ಲವನು, ಇಸ್ತ್ರಿ ಅಂಗಿಯವನು. ಕಾರಿಗೆ ಕೂತರೆ ಮಾತ್ರ ಅವನ ಮೈಮೇಲೆ ಏನೋ ಬರುತ್ತಿತ್ತು. ದೂರದಲ್ಲಿ ಹಂಪ್ ಕಾಣುತ್ತಿದ್ದರೂ ಕೊನೇ ಗಳಿಗೆಯವರೆಗೆ ಆಕ್ಸಿಲರೇಟರ್ ಬಿಡುತ್ತಿರಲಿಲ್ಲ. ಹಂಪ್ ಮೂಗಿಗೆ ಬಂದಾಗ ಎರಡೂ ಕಾಲಲ್ಲಿ ನಿಂತವನ ಹಾಗೆ ಬ್ರೇಕು ಒದೆಯುವುದು, ದಾಟಿದ ಕೂಡಲೇ ಮತ್ತೆ ಎಗರಿಸುವುದು. ತಿರುವಿನಲ್ಲಿ ಟೈರು ಕಿರುಚಿದರೆ ಅವನಿಗೆ ಅದೊಂದು ಖುಷಿ. ಟೈರಿಗೆ ಗಾಳಿ ಹಾಕಿಸಿದ್ದನ್ನು ಯಾರೂ ನೋಡಲಿಲ್ಲ. ಇಷ್ಟು ಸಾಲದು ಅಂತ ಜನ ಇಳಿದ ಮೇಲೆ ಹಿಂದಿನ ಸೀಟಿಗೂ ಡಿಕ್ಕಿಗೂ ಕೊಬ್ಬರಿ ಮೂಟೆ ತುಂಬಿಕೊಂಡು ತಿಪಟೂರು ಮಾರುಕಟ್ಟೆಗೆ ಹೊಡೆಯುತ್ತಿದ್ದ. ಅಷ್ಟು ಪುಟ್ಟ ಕಾರು ಎಷ್ಟು ತಾನೇ ತಡೆದೀತು? ವರ್ಷ ತುಂಬುವಷ್ಟರಲ್ಲಿ ಮುಂದಿನ ಎರಡೂ ಟೈರಿನ ಅಂಚು ಬೋಳಾಗಿ ಒಳಗಿನ ನೂಲು ಕಾಣುತ್ತಿತ್ತು. ಬ್ರೇಕಿನ ಪ್ಯಾಡು ಪೂರ್ತಿ ಸವೆದು, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಚಕ್ರದ ಜೊತೆ ತಿರುಗುವ ಡಿಸ್ಕಿನ ಮೇಲೆ ಗೀರು ಬಿದ್ದಿತ್ತು.

"ಕಂಪನಿ ಮಾಲೇ ಸರಿಯಿಲ್ಲ ಕಣಕ್ಕ, ನಾನೇನ್ ಮಾಡ್ಲಿ?" ಅಂದ.

"ಬೋರಯ್ಯನ ಕಾಲಡಿ ಮೂರು ವರ್ಷ ಬಾಳಿದ್ದು ಇದೇ ಕಂಪನಿ ಮಾಲು ಕಣ್ಲಾ. ಕೀ ಮಡಗಿ ಹೋಗು," ಅಂದಳು ತಿಮ್ಮಕ್ಕ.

ಆಮೇಲೆ ತಾನೇ ಕಲಿತಳು. ನಲವತ್ತು ದಾಟಿದ ಹೆಂಗಸು ಸೀರೆ ಸೆರಗು ಬಿಗಿದುಕೊಂಡು ಸ್ಟೇರಿಂಗ್ ಹಿಡಿದಾಗ ಊರು ನಕ್ಕಿತು, ನಗಲಿ. ಬೋರಯ್ಯ ಪಕ್ಕದ ಸೀಟಿನಲ್ಲಿ ಕೊಚ್ಚಿದ ಎಳನೀರು ಹಿಡಿದು ಕೂರುತ್ತಿದ್ದ. ಅದರ ನೀರು ಅವನ ಪಂಚೆಯ ಮೇಲೆ ಚೆಲ್ಲಿದರೆ ಮತ್ತೆ ಊರ ಬಾಗಿಲಿನಿಂದ ಶುರು. ಮೊದಲ ವಾರ ಬೋರಯ್ಯನ ಪಂಚೆ ಒಣಗಲೇ ಇಲ್ಲ. ಆಮೇಲಾಮೇಲೆ ಅವನು ಎಳನೀರನ್ನು ನೆಮ್ಮದಿಯಾಗಿ ಕುಡಿದು ಮುಗಿಸತೊಡಗಿದ. ದೂರಕ್ಕೆ ಕಣ್ಣಿಡು, ಮೊದಲೇ ಕಾಲು ತೆಗಿ, ಗೇರು ಇಳಿಸು, ಕಾರು ತಾನಾಗೇ ನಿಧಾನ ಆಗ್ತದೆ ಅಂತ ಅವನು ಹೇಳಿಕೊಟ್ಟದ್ದು ಅಷ್ಟೇ. ಅವಳು ಅಷ್ಟನ್ನೂ ಹಿಡಿದಳು.

ಮಹಾಂತೇಶ ಅಷ್ಟರಲ್ಲಿ ತನ್ನದೇ ಒಂದು ಹಳೇ ಕಾರು ತಂದು ಅದೇ ಸ್ಟ್ಯಾಂಡಿನಲ್ಲಿ ನಿಂತ. ಬಾಣಂತಿಯರು, ಆಸ್ಪತ್ರೆಗೆ ಹೋಗುವ ಮುದುಕಿಯರು, ಮದುವೆಗೆ ಹೊರಟ ಹೆಣ್ಣುಮಕ್ಕಳು ತಿಮ್ಮಕ್ಕನ ಕಾರನ್ನೇ ಕೇಳಿಕೊಂಡು ಬರುವುದು ಅವನಿಗೆ ಸಹಿಸಲಾಗಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಹುಣಸೆಮರದಲ್ಲಿ ಟೈರು ನೇತಾಡುತ್ತಿದೆ. ಪಂಕ್ಚರ್ ಅಂಗಡಿಯ ಹಿಂದೆ ಬಿದ್ದಿದ್ದ, ಅವನೇ ತಿಂದು ಮುಗಿಸಿದ ತಿಮ್ಮಕ್ಕನ ಕಾರಿನ ಹಳೇ ಟೈರು!

"ನೋಡ್ರಪ್ಪ, ಹೆಂಗಸ್ರು ಕಾರು ಮುಟ್ಟಿದ್ರೆ ಹಿಂಗಾಯ್ತದೆ. ಮಾತೆತ್ತಿದ್ರೆ ಬ್ರೇಕು ಒತ್ತೋದೇ. ಟೈರೇ ಹಿಂಗಿದ್ರೆ ಬ್ರೇಕು ಹೆಂಗಿದ್ದಾತು? ಮಕ್ಕಳು ಮರಿ ಇರೋರು ಯೋಚ್ನೆ ಮಾಡಿ ಹತ್ರಿ," ಅಂತ ಬಂದವರಿಗೆಲ್ಲ ತೋರಿಸುತ್ತಿದ್ದ.

ಜನಕ್ಕೆ ಕಣ್ಣಿಗೆ ಕಂಡದ್ದೇ ನಿಜ. ಟೈರು ಅವಳದೇ ಅನ್ನುವುದು ಊರಿಗೇ ಗೊತ್ತು, ಯಾರ ಕಾಲಡಿ ಸವೆಯಿತು ಅಂತ ಕೇಳುವವರಿಲ್ಲ. ಬಾಣಂತಿಯರು ಹೋದರು, ಮುದುಕಿಯರು ಹೋದರು. 'ಟೈರ್ ತಿಮ್ಮಕ್ಕ' ಅನ್ನುವ ಹೆಸರು ಬಿತ್ತು. ಸ್ಟ್ಯಾಂಡಿನಲ್ಲಿ ಬಾಗಿಲು ತೆರೆದು ಕೂತು ಸಂಜೆಗೆ ಬರಿಗೈಲಿ ಹಿಂತಿರುಗುವುದು ಅವಳ ದಿನಚರಿಯಾಯಿತು.

ನನಗೆ ತಡೆಯಲಾಗಲಿಲ್ಲ. ಕತ್ತಿ ತಗೊಂಡು ಹೊರಟೆ. "ಕೂತ್ಕೋ ಅನಿತಾ," ಅಂತ ಗದರಿದಳು ತಿಮ್ಮಕ್ಕ. "ಹಗ್ಗ ಕೊಯ್ಯೋದು ದೊಡ್ಡದಲ್ಲ ಕಣೇ. ತೂಗಾಕ್ದೋನೇ ಇಳಿಸ್ಬೇಕು. ಇದೇ ಸ್ಟ್ಯಾಂಡಲ್ಲಿ, ಎಲ್ಲರ ಎದುರಿಗೆ. ಅಲ್ಲೀಗಂಟ ಅದು ಅಲ್ಲೇ ಇರ್ಲಿ."

ಅವಳ ಕಣ್ಣು ನೋಡಿ ನಾನು ಕತ್ತಿ ಕೆಳಗಿಟ್ಟೆ.

ಟೈರು ಬಿಸಿಲಿಗೆ ಬಿರಿಯಿತು, ಮಳೆಗೆ ನೆನೆಯಿತು, ಒಳಗೆ ನೀರು ನಿಂತು ಸೊಳ್ಳೆ ಎದ್ದವು. ತಿಮ್ಮಕ್ಕ ಕಾದಳು. ಅಟ್ಟದ ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ ಒಳಗೆ ಕೊಬ್ಬರಿ ಕಳಚಿದೆಯೋ ಇಲ್ಲವೋ ಹೇಳುವ ಕಿವಿ ಅವಳದು. ಕಳೆದ ಮಾಘದಲ್ಲಿ ಒಂದು ದಿನ ಮಹಾಂತೇಶನ ಕಾರು ಸ್ಟ್ಯಾಂಡಿಗೆ ತಿರುಗಿದಾಗ ಮುಂದಿನ ಚಕ್ರದಲ್ಲಿ ಕೀಂಯ್ ಅಂತ ಒಂದು ಸಣ್ಣ ಸದ್ದು. ಅವಳು ಕುಡಿಯುತ್ತಿದ್ದ ಟೀ ಲೋಟ ಹಾಗೇ ಹಿಡಿದು ಕೇಳಿಸಿಕೊಂಡಳು.

"ಪ್ಯಾಡು ಮುಗೀತಾ ಬಂತು ಅಂತ ಅದೇ ಕೂಗಿ ಹೇಳ್ತಾ ಅದೆ," ಅಂದಳು. ಆ ಮುಖದಲ್ಲಿ ಅಂಥ ಸಂತೋಷವನ್ನು ನಾನು ಎರಡು ವರ್ಷದಿಂದ ಕಂಡಿರಲಿಲ್ಲ.

ದಿನ ಕಳೆದ ಹಾಗೆ ಕೀಂಯ್ ಜೋರಾಯಿತು. ಹತ್ತಿದವರು ಕಿವಿ ಮುಚ್ಚಿಕೊಳ್ಳತೊಡಗಿದರು. ಮಹಾಂತೇಶ ಏನು ಮಾಡಿದ ಗೊತ್ತೇ? ನಮ್ಮ ಕಡೆ ಬಾಗಿಲು ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ಬಾವಿ ರಾಟೆ ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ. ಒಂದು ಸೋಮವಾರ ಬೆಳಿಗ್ಗೆ ಅವನು ಮನೆಯಿಂದ ಎಣ್ಣೆ ಶೀಶೆ ತಂದು, ಮುಂದಿನ ಚಕ್ರಗಳ ಸಂದಿಯಲ್ಲಿ ಎರಡೂ ಡಿಸ್ಕಿನ ಮೇಲೆ ಧಾರಾಳವಾಗಿ ಸುರಿದ. ಕಾರನ್ನು ಕೈಯಲ್ಲೇ ಹಿಂದೆ ಮುಂದೆ ತಳ್ಳಿ, "ನೋಡ್ರಲಾ, ಗಪ್‌ಚಿಪ್!" ಅಂತ ಮಿಕ್ಕ ಡ್ರೈವರುಗಳಿಗೆ ಶೀಶೆ ತೋರಿಸಿದ. ಒಬ್ಬನಾದರೂ ಬಾಯಿ ಬಿಡಬೇಕೆ! ಎಲ್ಲ ತಲೆ ಆಡಿಸಿದರು.

ತಿಮ್ಮಕ್ಕ ನನ್ನ ಅಂಗಡಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

"ಬ್ರೇಕು ಹಿಡಿಯೋದೇ ಉಜ್ಜಿ ಕಣೇ. ಎಣ್ಣೆ ಹುಯ್ದ್ರೆ ಏನ್ ಹಿಡಿದಾತು, ಅವ್ನ ತಲೆ!"

"ಹೇಳ್ಬೇಡ ಅಕ್ಕ," ಅಂದೆ ನಾನು. "ಸುಮ್ಕಿರು. ಅನುಭವಿಸ್ಲಿ."

"ನಾನ್ಯಾಕೆ ಹೇಳ್ಲಿ? ಹೋಗ್ಲಿ. ಹೋಗಿ ಯಾವ್ದಾದ್ರೂ ಮೋರಿಗೆ ಬೀಳ್ಲಿ." ಬಾಯಿಮಾತಲ್ಲ, ಮನಸ್ಸಿನಿಂದಲೇ ಅಂದಳು. ನಾನೂ ಹೂಂ ಅಂದೆ. ಸುಳ್ಳು ಯಾಕೆ ಹೇಳಲಿ, ಆ ಮೋರಿಯನ್ನು ನಾನು ಮನಸ್ಸಿನಲ್ಲೇ ಆರಿಸಿಯೂ ಆಗಿತ್ತು.

ಅಷ್ಟರಲ್ಲಿ ಮಹಾಂತೇಶನ ತಾಯಿ ದ್ರಾಕ್ಷಾಯಣಮ್ಮ ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಬುತ್ತಿಯ ಚೀಲ, ಒಂದು ಕಣ್ಣಿಗೆ ಹಸಿರು ಬಟ್ಟೆ. ಕಣ್ಣಿನ ಪೊರೆ ತೆಗೆಸಿದ್ದರು, ಸೋಮವಾರ ಸೋಮವಾರ ತಿಪಟೂರಿಗೆ ತೋರಿಸಲು ಹೋಗಬೇಕು. ಮಗ ಬಾಗಿಲು ತೆರೆದ. ಅಜ್ಜಿ ಸೆರಗು ಎತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತರು, ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡರು.

ತಿಮ್ಮಕ್ಕ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ.

"ಥೂ ಇವ್ನ!" ಅಂದು ಎದ್ದವಳೇ ತನ್ನ ಕಾರು ಹತ್ತಿ, ಅವನ ಕಾರಿನ ಮೂಗಿಗೆ ಅಡ್ಡ ತಂದು ನಿಲ್ಲಿಸಿದಳು.

"ಅಜ್ಜಿ, ಇಳೀರಿ. ಈ ಕಾರ್‌ಗೆ ಬ್ರೇಕಿಲ್ಲ."

ಮಹಾಂತೇಶ ಧುಮುಕಿ ಕೆಳಗಿಳಿದ. "ಏನ್ ತಿಮ್ಮಕ್ಕ, ಗಿರಾಕಿ ಸಿಗ್ಲಿಲ್ಲ ಅಂತ ನಮ್ಮವ್ವನ್ನೇ ಕಿತ್ಕಳಕ್ಕೆ ಬಂದ್ಯಾ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಬ್ಯಾಡ್ವಾ?"

ಸ್ಟ್ಯಾಂಡಿನವರು, ಬಸ್ಸಿಗೆ ನಿಂತವರು, ಬೀಡಾ ಅಂಗಡಿಯವರು ಎಲ್ಲ ಸುತ್ತುಗಟ್ಟಿದರು. ತಿಮ್ಮಕ್ಕ ಸುತ್ತ ಒಮ್ಮೆ ನೋಡಿದಳು. ಎರಡು ವರ್ಷದಿಂದ ಅವಳು ಕಾದಿದ್ದ ಜನ ಇದೇ.

"ಹೊಟ್ಟೆಕಿಚ್ಚೇ ಅನ್ಕೋ. ಅಜ್ಜಿ ಇಳೀಲಿ, ನೀನೊಬ್ನೇ ಆ ತುದಿಯಿಂದ ಬಾ. ನೀನು ತೂಗಾಕಿದೀಯಲ್ಲ, ಆ ಟೈರಿಗೆ ಒಂದು ಮಾರು ಈಚೆ ನಿಲ್ಸು. ನಿಂತ್ರೆ ನಾನು ಇವತ್ತಿಂದ ಕಾರು ಮುಟ್ಟಲ್ಲ. ನಿಲ್ದಿದ್ರೆ ಆ ಟೈರು ನೀನೇ ಇಳಿಸ್ಬೇಕು, ಎಲ್ಲರೂ ನೋಡ್ತಿದ್ದಂಗೆ."

ಅಕಸ್ಮಾತ್ ನಿಂತುಬಿಟ್ಟರೆ? ನಿಧಾನಕ್ಕೆ ಬಂದರೆ ಹಿಂದಿನ ಚಕ್ರದ ಬ್ರೇಕಿಗೇ ನಿಂತೀತು. ಅವಳ ಕಿವಿಯಲ್ಲಿ ಹೇಳಿದೆ. "ನಿಧಾನಕ್ಕೆ ಬರೋನಾ ಅವ್ನು? ಅವ್ನ ಕಾಲು ನಂಗೊತ್ತು ಬುಡೇ," ಅಂದಳು. ಆದರೂ ನನ್ನ ತೋಳು ಬಿಗಿಯಾಗಿ ಹಿಡಿದಿದ್ದಳು. ಮನೆಯಲ್ಲಿ ಬೋರಯ್ಯ, ಅವನ ಮಡಿಸದ ಕಾಲು, ಈ ಒಂದು ಕಾರು. ಅಷ್ಟನ್ನೂ ಆ ಮರದ ಬುಡಕ್ಕೆ ತಂದು ಒಡ್ಡಿದ್ದಳು.

ದ್ರಾಕ್ಷಾಯಣಮ್ಮನವರನ್ನು ನನ್ನ ಅಂಗಡಿಯೊಳಗೆ ಕೂರಿಸಿದೆ. ಮರದ ಹತ್ತಿರ ಇದ್ದವರನ್ನೆಲ್ಲ ತಿಮ್ಮಕ್ಕ ತಾನೇ ದೂರ ಅಟ್ಟಿದಳು. ಮರದ ಹಿಂದೆ ನಾರಿನ ಫ್ಯಾಕ್ಟರಿಯ ಲಾರಿಗೆ ಕಾಯುತ್ತಿದ್ದ ತೆಂಗಿನ ಮಟ್ಟೆಯ ರಾಶಿ ಬಿಟ್ಟರೆ ಬೇರೇನಿರಲಿಲ್ಲ.

ಮಹಾಂತೇಶ ಆ ತುದಿಯಿಂದ ಹೊರಟ. ಅಂಗಿ ತೋಳು ಮಡಿಸಿ, ಒಂದು ಕೈ ಕಿಟಕಿಯ ಹೊರಗೆ ಹಾಕಿ, ಜನ ನೋಡುತ್ತಿದ್ದಾರೆ ಅಂತ ಇನ್ನೂ ಜೋರಾಗಿ ಒತ್ತಿದ. ಟೈರು ಹತ್ತಿರ ಬಂತು, ಕಾಲು ತೆಗೆಯಲಿಲ್ಲ. ಇನ್ನೂ ಹತ್ತಿರ ಬಂತು, ಆಗ ಒದ್ದ. ಕೀಂಯ್ ಇಲ್ಲ, ಏನಿಲ್ಲ. ಕಾರು ಗಪ್‌ಚಿಪ್ ಬಂದೇ ಬಂತು. ಟೈರು ಮುಂದಿನ ಗಾಜಿಗೆ ಧಪ್ ಅಂತ ಬಡಿದು, ಗಾಜಿನ ತುಂಬ ಬಿರುಕು ಬಿಟ್ಟು, ಒಳಗಿದ್ದ ಕೊಳೆತ ನೀರನ್ನೆಲ್ಲ ಕಿಟಕಿಯಿಂದ ಅವನ ಇಸ್ತ್ರಿ ಅಂಗಿಯ ಮೇಲೆ ಸುರಿಯಿತು. ಕಾರು ಮಟ್ಟೆ ರಾಶಿಗೆ ಮೂತಿ ತೂರಿಸಿ ನಿಂತಿತು.

ಬಾಗಿಲು ತೆರೆದು ಅವನು ಇಳಿದ. ಒಂದು ಗೀರೂ ಬಿದ್ದಿರಲಿಲ್ಲ, ಮೀಸೆಯಿಂದ ಮಾತ್ರ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ಆಗ ನೋಡಿ, ಬಸ್ ಸ್ಟಾಪಿನ ಹೆಂಗಸರು ನಗಲು ಶುರುಮಾಡಿದರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಎಷ್ಟು ಹಿತವಾಗಿತ್ತು ಅಂತೀರಿ!

ದ್ರಾಕ್ಷಾಯಣಮ್ಮ ಮಾತ್ರ ನಗಲಿಲ್ಲ. ಬುತ್ತಿ ಚೀಲ ಎದೆಗವಚಿಕೊಂಡು ಮಗನ ಹತ್ತಿರ ಹೋಗಿ, ಮೊದಲು ಅವನ ತಲೆ, ಭುಜ ಎಲ್ಲ ಮುಟ್ಟಿ ನೋಡಿದರು. ಮೂಳೆ ಎಲ್ಲ ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆ ಕೆನ್ನೆಗೆ ಒಂದು ಬಿಟ್ಟರು.

"ನನ್ನ ಕೂರಿಸ್ಕಂಡು ಹೋಗ್ತಿದ್ದೆಯಲ್ಲೋ ಇದ್ರಲ್ಲಿ! ಇಳಿಸ್ಲಾ ಆ ಟೈರಾ."

ಅವನು ಮರ ಹತ್ತಿದ. ಹಗ್ಗದ ಗಂಟು ಬಿಸಿಲು ಮಳೆಗೆ ಕಲ್ಲಾಗಿ ಕೂತಿತ್ತು. ಉಗುರಿನಲ್ಲಿ ಕೆರೆದ, ಹಲ್ಲಿನಲ್ಲಿ ಕಚ್ಚಿದ. ನನ್ನ ಅಂಗಡಿಯ ಕತ್ತಿಯನ್ನು ಯಾರೋ ಕೇಳಿದರು. "ಕೊಡ್ಬೇಡ," ಅಂದಳು ತಿಮ್ಮಕ್ಕ. ನಾನು ಕೊಡಲಿಲ್ಲ. ಅವನು ಇಳಿಸಿ ಮುಗಿಸುವ ತನಕ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದಳು.

ಅಜ್ಜಿ ತಿಮ್ಮಕ್ಕನ ಕಾರು ಹತ್ತಿದರು. ಷಟರ್ ಎಳೆದು ನಾನೂ ಹಿಂದೆ ಕೂತೆ, ಅಂಥ ದಿನ ಅಂಗಡಿ ಯಾರಿಗೆ ಬೇಕು? ಬಿಳಿಗೆರೆ ಹಂಪು ದೂರದಲ್ಲಿ ಕಾಣುತ್ತಲೇ ತಿಮ್ಮಕ್ಕ ಕಾಲು ತೆಗೆದಳು. ಗೇರು ಇಳಿಯಿತು. ಕಾರು ತಾನಾಗೇ ನಿಧಾನವಾಗಿ ಹಂಪು ಏರಿ ಇಳಿಯಿತು, ಅಜ್ಜಿಯ ತೊಡೆಯ ಮೇಲಿನ ಬುತ್ತಿ ಅಲುಗಲಿಲ್ಲ.

"ಬ್ರೇಕೇ ಹಾಕ್ಲಿಲ್ವಲ್ಲವ್ವ?" ಅಂದರು ಅಜ್ಜಿ ಬೆರಗಾಗಿ.

"ನನ್ ಪಾಲಿಂದೂ ನಿಮ್ಮ ಮಗನೇ ಹಾಕ್ಬುಟ್ಟವ್ನಲ್ಲಜ್ಜಿ," ಅಂದಳು ತಿಮ್ಮಕ್ಕ.

ಈಗ ಬಾಣಂತಿಯರು ಬಂದಿದ್ದಾರೆ, ಮುದುಕಿಯರೂ ಬಂದಿದ್ದಾರೆ. ಮಹಾಂತೇಶ ಹೊಸ ಪ್ಯಾಡು, ಡಿಸ್ಕು, ಗಾಜು ಎಲ್ಲ ಹಾಕಿಸಿಕೊಂಡು ಮತ್ತೆ ಸ್ಟ್ಯಾಂಡಿಗೆ ಬಂದಿದ್ದಾನೆ. ಆದರೆ ದ್ರಾಕ್ಷಾಯಣಮ್ಮ ಅವನ ಕಾರಿಗೆ ಕಾಲಿಡುವುದಿಲ್ಲ. ಕಣ್ಣಿನ ಬಟ್ಟೆ ಬಿಚ್ಚಿಯೂ ಆಯಿತು, ಆದರೂ ಸೋಮವಾರ ತಪ್ಪದೆ ಮನೆ ಬಾಗಿಲಲ್ಲೇ ತಿಮ್ಮಕ್ಕನ ಕಾರು ಹತ್ತಿ, ಮುಂದಿನ ಸೀಟಿನಲ್ಲಿ ಕೂತು ತಿಪಟೂರಿನ ಮಗಳ ಮನೆಗೆ ಹೋಗುತ್ತಾರೆ. ಸ್ಟ್ಯಾಂಡಿನ ಮುಂದೆ ಹತ್ತುವವರಿಲ್ಲ, ಇಳಿಯುವವರಿಲ್ಲ. ಆದರೂ ತಿಮ್ಮಕ್ಕ ಅಲ್ಲಿ ಕಾರು ನಿಧಾನ ಮಾಡುತ್ತಾಳೆ. ಅಜ್ಜಿಯ ಕಡೆಯ ಗಾಜು ಪೂರ್ತಿ ಇಳಿಸುತ್ತಾಳೆ. ಮಹಾಂತೇಶ ಬಾನೆಟ್ ಎತ್ತಿ ಇಂಜಿನಿನಲ್ಲಿ ಏನೋ ಹುಡುಕುತ್ತಾನೆ.

ಮೊನ್ನೆ ನನಗೇ ಅಯ್ಯೋ ಅನಿಸಿತು. "ಸಾಕು ಬುಡಕ್ಕ, ಮೋರೆ ಎತ್ತದಂಗಾಗವ್ನೆ," ಅಂದೆ.

ತಿಮ್ಮಕ್ಕ ಟೈರಿಗೆ ಗಾಳಿ ನೋಡುತ್ತಿದ್ದವಳು ತಲೆ ಎತ್ತಿ ಹುಣಸೆಮರವನ್ನು ನೋಡಿದಳು.

"ನನ್ ಟೈರು ಅಲ್ಲಿ ಎರಡು ಮಳೆಗಾಲ ನೆಂದದೆ ಕಣೇ. ಇವಾಗಿನ್ನೂ ಮೊದ್ಲನೇ ಮಳೆನೇ ಬಿದ್ದಿಲ್ಲ."