ಗೌರಕ್ಕ ಸುತ್ತಿದ ಸುರುಳಿ

ಸಿರ್ಸಿಯಿಂದ ಬನವಾಸಿಗೆ ಹೋಗುವ ರಸ್ತೆಯಲ್ಲಿ ನನ್ನ ಓರಗಿತ್ತಿ ಗೌರಕ್ಕನ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಪಂಪ್‌ಸೆಟ್ಟಿಗೆ ತಾಮ್ರದ ತಂತಿ ಸುತ್ತುವಾಗ ಅವಳು ಈ ಲೋಕದಲ್ಲೇ ಇರುವುದಿಲ್ಲ. ಗಿರಾಕಿ ಬಂದು ನಿಂತರೂ ಅರೆಗಣ್ಣಿನಲ್ಲಿ ನಗುತ್ತಾಳೆ. ಕನಸು ಕಾಣುವುದಿದ್ದರೆ ಮನೆಗೆ ಹೋಗಿ ಮಲಗು ಮಾರಾಯ್ತಿ ಎಂದು ನಾನು ಬೈಯುವುದುಂಟು.

ಕಳೆದ ವರ್ಷ ನನ್ನ ಮಗಳು ಸ್ಫೂರ್ತಿ ಅವಳಿಗೊಂದು ಕೆಲಸ ಹಚ್ಚಿದಳು. ಗಾಳಿಯೇ ಇಲ್ಲದ ಗಾಜಿನ ಪೆಟ್ಟಿಗೆಯಲ್ಲಿ ಪರಮಾಣುಗಳನ್ನು ಲೇಸರ್ ಬೆಳಕಿನಿಂದ ತಣ್ಣಗಾಗಿಸಿ, ಸುತ್ತ ತಂತಿಯ ಸುರುಳಿಯಿಟ್ಟು, ಕಾಂತಕ್ಷೇತ್ರದ ನಡುವೆ ಹಿಡಿದಿಡುವುದು ಸ್ಫೂರ್ತಿಯ ಸಂಶೋಧನೆ. ಆ ಕ್ಷೇತ್ರ ಎಳ್ಳಷ್ಟೂ ಅಲುಗಬಾರದಂತೆ. ಸುರುಳಿ ಹೊರಗಿನಿಂದ ಬರಲು ತಿಂಗಳುಗಟ್ಟಲೆ ಬೇಕು, ಪ್ರಯೋಗಾಲಯದಲ್ಲಿ ಅವಳ ಸರದಿಯೋ ಮುಗಿಯುತ್ತ ಬಂದಿತ್ತು. ಸರದಿ ತಪ್ಪಿದರೆ ಅಷ್ಟು ವರ್ಷಗಳ ದುಡಿಮೆ ನೀರುಪಾಲು. ಅವಳ ದೊಡ್ಡವ್ವ ಗೌರಕ್ಕನೇ ಆ ಸುರುಳಿ ಸುತ್ತಿಕೊಟ್ಟಳು. ಸುತ್ತುವಷ್ಟು ದಿನವೂ, ಏನನ್ನೂ ಮುಟ್ಟದೆ ಹಿಡಿಯುವುದೆಂದರೆ ಹೇಗಿದ್ದೀತು ಎಂದು ತನ್ನಷ್ಟಕ್ಕೇ ಗುನುಗುತ್ತಿದ್ದಳು.

ಸುರುಳಿ ಹೋದ ಮೇಲೆ ಸ್ಫೂರ್ತಿಯ ಫೋನು ಬಂತು. ಪರಮಾಣುಗಳ ಮೋಡ ಒಂದೇ ಕಡೆ ವಾಲಿ ಕರಗಿಹೋಗುತ್ತಿದೆ, ಎಲ್ಲಾದರೂ ಕಬ್ಬಿಣ ಸೇರಿದೆಯೇ ಎಂದು ಕೇಳಿದಳು. ಗೌರಕ್ಕನ ಮುಖ ಬಿಳಿಚಿಕೊಂಡಿತು. ದೃಷ್ಟಿ ತಾಗದಿರಲೆಂದು ಅವಳು ಸುರುಳಿಯ ಮೇಲೆ ಸುತ್ತುವ ನೂಲಿನ ಪಟ್ಟಿಯೊಳಗೆ ಒಂದು ಮೊಳೆ ಸೇರಿಸಿದ್ದಳು. ರಿಪೇರಿ ಮಾಡಿದ ಪ್ರತಿ ಪಂಪಿಗೂ ಹಾಗೆಯೇ ಮಾಡುತ್ತಾಳೆ. ಪಂಪೇ ಕಬ್ಬಿಣದ್ದು, ಅದಕ್ಕೇನೂ ಆಗದು. ಇಲ್ಲಿ ಆ ಒಂದು ಮೊಳೆ ಕ್ಷೇತ್ರವನ್ನೇ ಸೊಟ್ಟ ಮಾಡಿತ್ತು.

ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಬೈಯಲು ಬಾಯಿ ಬರಲಿಲ್ಲ. ಅವಳ ಒಂದೇ ಕೂಸು, ಗಂಡು, ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿಬಿಟ್ಟಿತ್ತು. ಬಾಣಂತಿ ಕೋಣೆಯಲ್ಲಿ ಕಬ್ಬಿಣ ಇಡಲು ಮರೆತೆ, ಅದಕ್ಕೇ ಹೋಯಿತು ಎಂದು ಅವಳು ಅಂದಿನಿಂದ ನಂಬಿದ್ದಾಳೆ. ಮೊಳೆ ತೆಗೆ ಎಂದು ಅವಳ ಬಾಯಲ್ಲಿ ಬರುವುದು ಸುಲಭವಲ್ಲ.

ಸ್ಫೂರ್ತಿ ಅವಸರ ಮಾಡಲಿಲ್ಲ.

"ಪಟ್ಟಿ ಬಿಚ್ಚವ್ವ. ಮೂಲ್ಯಾಗ ಮೊಳಿ ಐತಿ, ತೆಗಿ," ಎಂದಳು ಗೌರಕ್ಕ ಕೊನೆಗೆ.

ಮರುದಿನ ಮೊಬೈಲಿಗೆ ವಿಡಿಯೋ ಬಂತು. ಕತ್ತಲೆಯ ನಡುವೆ ಕೆಂಪು ಬೆಳಕಿನ ಪುಟ್ಟ ಚುಕ್ಕಿಯೊಂದು ಕದಲದೆ ನಿಂತಿತ್ತು. ನೋಡುತ್ತ ನೋಡುತ್ತ ರಸ್ತೆಯ ಲಾರಿಗಳ ಸದ್ದೆಲ್ಲ ದೂರ ಸರಿದು, ಅಂಗಡಿಯೇ ಮೆಲ್ಲಗೆ ತೇಲಿದಂತೆ ನನಗೂ ಅನ್ನಿಸಿತು.

"ಕಬ್ಬಿಣ ಇಲ್ಲದನೂ ಉಳೀತಲ್ಲ," ಎಂದಳು ಗೌರಕ್ಕ.

ಆಗಲೂ ನಿನ್ನ ತಪ್ಪೇನೂ ಇರಲಿಲ್ಲ ಎಂದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು, ನಾನೂ ಅತ್ತೆ. ಆಮೇಲೆ ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದಳು.

"ಅವಗ ತುಷಾರ ಅಂತ ಹೆಸರಿಡೋದಿತ್ತು."