ಮಗನನ್ನು ಕಳೆದುಕೊಂಡ ತಾಯಿ ಹೇಳಿದ ಆಸ್ಪತ್ರೆ

“ನನ್ ಮಗ ಆ ಆಸ್ಪತ್ರೇಲೇ ತೀರೋದ. ಆದ್ರೂ ನಿನ್ ಮಗೀನ ಅಲ್ಗೇ ಕರ್ಕೊಂಡೋಗವ್ವ,” ಎಂದು ಪಕ್ಕದ ಸೀಟಿನ ಹೆಂಗಸು ಹೇಳಿದಾಗ ಸುತ್ತಲಿನವರೆಲ್ಲ ಅವರತ್ತ ತಿರುಗಿ ನೋಡಿದರು.

ಅದು ಚಾಮರಾಜನಗರದಿಂದ ಮೈಸೂರಿಗೆ ಹೊರಟ ಬೆಳಗಿನ ಬಸ್ಸು. ತೊಂಬತ್ತರ ದಶಕದಲ್ಲಿ ಯಾವ ಡಾಕ್ಟರು ಒಳ್ಳೆಯವರು ಎಂದು ತಿಳಿಯಲು ಚಂದಕವಾಡಿಯ ನಮ್ಮಂಥವರಿಗೆ ಸಹಪ್ರಯಾಣಿಕರೇ ದಿಕ್ಕು. ಎಕ್ಸ್‌ರೇ ಕವರು ಹಿಡಿದವರೆಲ್ಲ ತಾವು ಕಂಡದ್ದನ್ನು, ಕೇಳಿದ್ದನ್ನು ಹಂಚಿಕೊಳ್ಳುತ್ತಿದ್ದರು. ಕಿಡ್ನಿ ತೊಂದರೆಯಿಂದ ಮುಖವೆಲ್ಲ ಊದಿಕೊಂಡು ನನ್ನ ತೊಡೆಯ ಮೇಲೆ ಮಲಗಿದ್ದ ಮಗಳನ್ನು ನೋಡಿ, ಎರಡು ಆಸ್ಪತ್ರೆಗಳ ಹೆಸರು ಹೇಳಿದರು. ಒಂದು ದೊಡ್ಡದು, ಹೊಸದು. ಇನ್ನೊಂದು ಬೇಡವೇ ಬೇಡ, ಅಲ್ಲಿ ಒಂದು ಮಗು ಸತ್ತಿದೆಯಂತೆ ಎಂದರು.

ಆ ಮಗುವಿನ ತಾಯಿ ನನ್ನ ಪಕ್ಕದಲ್ಲೇ ಕೂತಿದ್ದರು. ಉಮ್ಮತ್ತೂರಿನವರು. ಮತ್ತೆ ಅಲ್ಲಿಗೇ ಯಾಕೆ ಹೋಗು ಅನ್ನುತ್ತೀರಿ ಎಂದು ಕೇಳಿದೆ.

“ನಾವೇ ತಡ ಮಾಡ್ಬುಟ್ಟಿದ್ದೊ. ಉಳ್ಸದು ಕಷ್ಟ ಅಂತ ಡಾಕ್ಟ್ರು ಮೊದ್ಲೇ ಏಳುದ್ರು, ಸುಳ್ಳೇಳ್ನಿಲ್ಲ. ಕೊನೇಗಂಟ ನನ್ ಮಗನ್ ಪಕ್ಕ ಬುಟ್ಟು ಎದ್ದೋಗ್ನಿಲ್ಲ. ನಿನ್ ಮಗೀಗೆ ಇನ್ನೂ ಟೈಮದೆ ಕಣವ್ವ.”

ನಂಜನಗೂಡಿನಲ್ಲಿ ಅವರು ಮಗಳ ತಲೆ ಸವರಿ ಇಳಿದುಹೋದರು. ನಾವು ಆ ಆಸ್ಪತ್ರೆಗೇ ಹೋದೆವು. ತಿಂಗಳುಗಟ್ಟಲೆ ಔಷಧಿ ನಡೆಯಿತು, ಮಗಳು ಉಳಿದಳು.

ಆ ಡಾಕ್ಟರ ಬಗ್ಗೆ ಯಾರಾದರೂ ಕೇಳಿದರೆ ನಾನೀಗ ಮಗಳು ಗುಣವಾದದ್ದನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಅಲ್ಲಿ ಉಳಿಯದೆ ಹೋದ ಆ ಹುಡುಗನ ವಿಷಯವನ್ನೂ ಹೇಳುತ್ತೇನೆ.