ಗಯಾಸುದ್ದೀನ್ ಹಾಕದ ಸಹಿ

ಬಸವಕಲ್ಯಾಣದ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಮೂವತ್ತು ವರ್ಷ ಬ್ರೇಕ್ ಕೆಲಸವನ್ನೇ ಮಾಡಿಕೊಂಡು ಬಂದ ಗಯಾಸುದ್ದೀನನಿಗೆ ಇದ್ದದ್ದು ಒಂದೇ ಸಿಟ್ಟು. ಜನ ಹಾರ್ನ್ ಕೇಳುತ್ತಾರೆ, ಸ್ಪೀಕರ್ ಕೇಳುತ್ತಾರೆ, ಗಾಡಿ ಎಷ್ಟು ಓಡುತ್ತದೆಂದು ಕೇಳುತ್ತಾರೆ; ಎಲ್ಲಿ ನಿಲ್ಲುತ್ತದೆಂದು ಒಬ್ಬನೂ ಕೇಳುವುದಿಲ್ಲ.

ಹುಮನಾಬಾದಿನ ಬಟ್ಟೆ ವ್ಯಾಪಾರಿ ಗೋವರ್ಧನ ಕೇಳಿದ್ದ. ಮುದುಕ ಅಷ್ಟಕ್ಕೇ ಕರಗಿಹೋಗಿದ್ದ. ಗೋವರ್ಧನನದು ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಅದನ್ನು ವರ್ಷಕ್ಕೊಮ್ಮೆ, ಒಂದು ಭಾನುವಾರ ಮಾತ್ರ, ಹೈದರಾಬಾದಿನಾಚೆಯ ರೇಸ್ ಟ್ರ್ಯಾಕಿನಲ್ಲಿ ಮನಸೋ ಇಚ್ಛೆ ಓಡಿಸಬಹುದಿತ್ತು. ಆದರೆ ಗಾಡಿ ಸುರಕ್ಷಿತವೆಂದು ಮೆಕ್ಯಾನಿಕ್ ಸಹಿ ಹಾಕಿದ ಕಾಗದವಿಲ್ಲದೆ ಗೇಟಿನೊಳಗೆ ಬಿಡುವುದಿಲ್ಲ.

ಗಯಾಸುದ್ದೀನ್ ಜೀವ ತೇಯ್ದು ದುಡಿದ. ಸಾದಾ ಬ್ರೇಕ್ ಎಣ್ಣೆ ಟ್ರ್ಯಾಕಿನ ಕಾವಿಗೆ ಕುದಿದರೆ ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಅದಕ್ಕೆಂದೇ ಕಾವು ತಡೆಯುವ ಎಣ್ಣೆ ತುಂಬಿಸಿದ. ಚಕ್ರವನ್ನು ಅದುಮಿ ಹಿಡಿಯುವ ಹೊಸ ಬ್ರೇಕ್ ಪ್ಯಾಡ್ ಪುಣೆಯಿಂದ ಬರಲು ಹದಿನೆಂಟು ದಿನ ಕಾದ. ಚಕ್ರದ ನಟ್ಟುಗಳನ್ನು ಒಂದೊಂದಾಗಿ ಅಳೆದು ಬಿಗಿದ. ಜಾಕು, ಸ್ಟೆಪ್ನಿ, ನೀರಿನ ಬಾಟಲಿ ಎಲ್ಲ ಟ್ರ್ಯಾಕಿಗೆ ಇಳಿಯುವ ಮೊದಲೇ ಹೊರಗಿಡಬೇಕೆಂದು ತಾಕೀತು ಮಾಡಿ, "ಶುಕ್ರವಾರ ತರ್ರಿ, ಕಡೀಗೊಮ್ಮೆ ನೋಡಿ ಸಹಿ ಮಾಡ್ತೀನಿ" ಎಂದು ಕಳಿಸಿದ.

ಶುಕ್ರವಾರ ಗಾಡಿ ಬಂತು, ಹಾರ ಹಾಕಿಕೊಂಡು, ಕುಂಕುಮ ಹಚ್ಚಿಕೊಂಡು. ಚಕ್ರದ ಬಳಿ ಕುಳಿತ ಗಯಾಸುದ್ದೀನನ ಮೂಗಿಗೆ ಡೀಸೆಲ್ ವಾಸನೆ ಬಡಿಯಿತು.

"ಇದೇನ್ರಿ ಸೇಠ?"

"ಮಾಣಿಕನಗರದ ಗುಡೀಗೆ ಪೂಜಾಕ್ಕ ಒಯ್ದಿದ್ದೆ ಚಾಚಾ. ಧೂಳ ಹಿಡದ ಗಾಡಿ ಪ್ರಭುಗಳ ಮುಂದ ಹ್ಯಾಂಗ ನಿಲ್ಲಸೂದು? ವಾಟರ್ ಸರ್ವಿಸಿಂಗ್ ಮಾಡ್ಸಿದೆ. ಜಂಗ್ ಹಿಡೀಬಾರ್ದಂತ ಕೆಳಗ ಡೀಸೆಲ್ಲೂ ಹೊಡಿಸೀನಿ."

ಗಯಾಸುದ್ದೀನ್ ಹಣೆ ಹಣೆ ಬಡಿದುಕೊಂಡ. ಈ ಸೀಮೆಯಲ್ಲಿ ಲಾರಿಯಾಗಲಿ, ಟ್ರ್ಯಾಕ್ಟರಾಗಲಿ, ತೊಳೆದ ಮೇಲೆ ತುಕ್ಕು ಹಿಡಿಯದಿರಲೆಂದು ಅಡಿಗೆ ಡೀಸೆಲ್ ಹೊಡೆಯದೆ ಯಾರೂ ಕಳಿಸುವುದಿಲ್ಲ. ಅದು ಗೊತ್ತಿದ್ದೂ ಬೇಡವೆಂದು ಹೇಳಲು ತನಗೇ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ. ಚಕ್ರ ಬಿಚ್ಚಿದರೆ ನಾಲ್ಕೂ ಕಡೆಯ ಪ್ಯಾಡು ಡೀಸೆಲ್ ಕುಡಿದು ಕೂತಿದ್ದವು.

"ಪ್ಯಾಡ್ ಹಾಳಾದ್ವು. ಡೀಸೆಲ್ ಒರೆಸಿದ್ರ ಹೋಗಂಗಿಲ್ಲ, ಬ್ರೇಕ್ ಹಿಡಿಯಂಗಿಲ್ಲ. ಹಳೇವು ಹಾಕಿ ಕೊಡ್ತೀನಿ, ಮೆಲ್ಲಕ ಮನೀಗೆ ಹೋಗ್ರಿ. ಟ್ರ್ಯಾಕಿನ ಓಟಕ್ಕ ಅವು ತಡೆಯಂಗಿಲ್ಲ, ಟ್ರ್ಯಾಕ್ ಬ್ಯಾಡ."

"ವರ್ಷದಿಂದ ಕಾಯಾಕತ್ತೀನಿ ಚಾಚಾ! ಸಹಿ ಮಾಡಿಬಿಡ್ರಿ. ಏನರೆ ಆದ್ರ ನಿಮ್ಮ ಹೆಸರ ಹೇಳಂಗಿಲ್ಲ."

"ಏನರೆ ಆದ್ರ ಹೇಳಾಕ ನೀವ ಇರಂಗಿಲ್ಲ!"

ಹಳೆಯ ಪ್ಯಾಡು ಹಾಕಿಸಿಕೊಂಡ ಗೋವರ್ಧನ ಕಾಗದ ಕಸಿದುಕೊಂಡು, ಬೇರೆ ಕಡೆ ಮಾಡಿಸುತ್ತೇನೆಂದು ಹೊರಟೇಹೋದ. ಈ ಹೆದ್ದಾರಿಯಲ್ಲಿ ಸಹಿ ಹಾಕುವವರಿಗೇನು ಬರವೇ? ಶನಿವಾರವೆಲ್ಲ ಗಯಾಸುದ್ದೀನ್ ಎದುರಿಗೆ ಬಂದವರ ಮೇಲೆಲ್ಲ ಹರಿಹಾಯ್ದ. ಊಟ ಸೇರಲಿಲ್ಲ. ಫೋನ್ ಹಚ್ಚಿದರೆ ಗೋವರ್ಧನ ಎತ್ತಲಿಲ್ಲ.

ಭಾನುವಾರ ಹತ್ತು ಗಂಟೆಗೆ ಅವನದೇ ಫೋನ್ ಬಂತು.

"ಮನ್ಯಾಗ ಕುಂತೀನ್ರಿ, ಖುಷಿ ಆತಿಲ್ಲ? ಮೂರ ಗ್ಯಾರೇಜ್ ತಿರುಗಿದೆ. ಎಲ್ಲಾರೂ ಒಂದ ಮಾತ ಕೇಳಿದ್ರು, ಗಯಾಸ್ ಚಾಚಾ ಯಾಕ ಮಾಡ್ಲಿಲ್ಲ ಅಂತ. ಒಬ್ಬರೂ ಸಹಿ ಹಾಕ್ಲಿಲ್ಲ. ನನ್ನ ಒಂದ ವರ್ಷ ಮಣ್ಣಪಾಲ ಮಾಡಿದ್ರಿ ನೀವು!"

ಬೈಗುಳ ನಿಲ್ಲಲೇ ಇಲ್ಲ. ಗಯಾಸುದ್ದೀನ್ "ಬೈರಿ ಸೇಠ, ಇನ್ನೂ ಬೈರಿ" ಎನ್ನುತ್ತಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.